ಎರಡು ಸಲ ಕಳೆದ ಪ್ರೋಟಾನ್‌ಗಳು

"ಈ ಪ್ರೋಟಾನ್‌ಗಳನ್ನ ನೀವು ಎರಡು ಸಲ ಕಳೆದಿದ್ದೀರಿ."

ಮಾತು ಕೊನೆಯ ಸಾಲಿನಿಂದ ಬಂತು. ಸಭಾಂಗಣದ ಪರದೆಯ ಪಕ್ಕ ನಿಂತು ತನ್ನ ಲೆಕ್ಕ ವಿವರಿಸುತ್ತಿದ್ದ ಅವಳು ಅತ್ತ ತಿರುಗಿದಳು.

ಆ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು. ಎದ್ದು ನಿಂತವನು ತಾನು ಯಾರೆಂದು ಹೇಳಿದಾಗಲೇ ಗೊತ್ತಾಯಿತು. ಎರಡು ವರ್ಷದಿಂದ ದಿನಾ ಇಮೇಲಿನಲ್ಲಿ ಪತ್ರ ಬರೆದು ನಗಿಸುತ್ತಿದ್ದವನು...

ಸೀಸದ ನ್ಯೂಕ್ಲಿಯಸ್‌ಗಳನ್ನು ಮುಖಾಮುಖಿ ಢಿಕ್ಕಿ ಹೊಡೆಸಿ, ಚದುರಿದ ಕಣಗಳನ್ನು ಎಣಿಸಿ ಆ ಅಂಕಿಗಳನ್ನು ಅವಳಿಗೆ ಕಳಿಸುವುದು ಅವನ ಕೆಲಸ. ಸೂರ್ಯನ ಒಡಲಿಗಿಂತ ಲಕ್ಷ ಪಟ್ಟು ಬಿಸಿಯಾಗಿ, ಕಣ್ಣು ಮಿಟುಕಿಸುವ ಮೊದಲೇ ಆರಿಹೋಗುವ ಆ ದಟ್ಟ ಕುದಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವುದು ಅವಳ ಕೆಲಸ.

ಢಿಕ್ಕಿಯಲ್ಲೇ ಹುಟ್ಟಿದ ಪ್ರೋಟಾನ್‌ಗಳಷ್ಟೇ ಅವಳಿಗೆ ಬೇಕಿದ್ದವು. ಆಮೇಲೆ ಬೇರೆ ಕಣಗಳು ಒಡೆದು ಹುಟ್ಟಿದವನ್ನು ಒಟ್ಟು ಎಣಿಕೆಯಿಂದ ಕಳೆಯಬೇಕು. ಅವನು ಮೊದಲೇ ಕಳೆದಿದ್ದ. ಅವಳು ಮತ್ತೆ ಕಳೆದಿದ್ದಳು. ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಯಿತು.

ಕಾಫಿ ಯಂತ್ರದ ಹತ್ತಿರ ಪಕ್ಕದ ಕೋಣೆಯ ಸಹೋದ್ಯೋಗಿ, "ನಿನ್ನ ಪತ್ರದ ಗೆಳೆಯ ಚೆನ್ನಾಗೇ ಬತ್ತಿ ಇಟ್ಟನಲ್ಲೇ," ಎಂದಳು.

ಒಂದು ಸಾಲು ಬರೆದು ಮೊದಲೇ ತಿಳಿಸಬಹುದಿತ್ತಲ್ಲ? ನೂರು ಜನರ ಮುಂದೆಯೇ ಆಗಬೇಕಿತ್ತೆ? ಆಮೇಲೆ ಬಂದ ಅವನ ಒಂದು ಪತ್ರವನ್ನೂ ಅವಳು ತೆರೆಯಲಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಆಸ್ಪತ್ರೆಯಲ್ಲಿತ್ತು. ಅವಳು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದ ಆ ಮಾಡೆಲ್, ಅಲ್ಲಿ ಮಲಗಿದ್ದ ಅವಳ ಮೇಷ್ಟ್ರ ಮೂವತ್ತು ವರ್ಷದ ಬದುಕು. ಇನ್ನು ಕೆಲವೇ ವಾರ ಎಂದು ಡಾಕ್ಟರು ಕೈಚೆಲ್ಲಿದ್ದರು. ಮಾಡೆಲ್ ಅಂಕಿಗೆ ಹೊಂದಿತು, ಉತ್ತರ ಸಿಕ್ಕಿತು ಎಂದು ಸಭೆಯ ಮುನ್ನಾದಿನ ಅವಳೇ ಅವರ ಕಿವಿಯಲ್ಲಿ ಹೇಳಿಬಂದಿದ್ದಳು. ಲೇಖನ ಅಚ್ಚಾಯಿತೇ ಎಂದು ಅವರು ದಿನಾ ಕೇಳುತ್ತಿದ್ದರು. ನಾಳೆ ಎಂದು ಅವಳು ದಿನಾ ಸುಳ್ಳು ಹೇಳುತ್ತಿದ್ದಳು.

ಮೂರನೇ ವಾರ ಒಂದು ಮಧ್ಯಾಹ್ನ, ಮೇಷ್ಟ್ರ ಕೋಣೆಯ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನು ಕೂತಿದ್ದ.

"ಅಲ್ಲಿ ಮಾನ ಕಳೆದದ್ದು ಸಾಲದು ಅಂತ ಇಲ್ಲಿಗೂ ಬಂದ್ರಾ?"

"ಬಾಯಿ ತಪ್ಪಿ ಬಂದ ಮಾತು ಅದು. ಅಂಕಿ ಮೊದಲು ಕಂಡಿತು... ನಿಮ್ಮ ಮುಖ ಆಮೇಲೆ." ಅವನು ಎದ್ದು ನಿಂತ. "ತಪ್ಪು ನನ್ನದು ಅಂತ ಅವರಿಗೆ ಹೇಳೋಕೆ ಬಂದೆ. ನಿಮ್ಮನ್ನ ಕೇಳದೆ ಒಳಗೆ ಹೋಗಲ್ಲ."

"ನಿಮ್ಮದು ಹೇಗೆ?"

"ಕಳೆದಿದ್ದೀನಿ ಅಂತ ಪಟ್ಟಿಯ ಕೆಳಗೆ ಬರೆದಿದ್ದೆ. ಕಳಿಸೋ ಮುಂಚೆ ಅಳಿಸಿಬಿಟ್ಟೆ."

"ಯಾಕೆ?"

"ಇಷ್ಟು ತಿಳಿದವರಿಗೆ ನಾನು ಇದನ್ನೂ ಹೇಳಿಕೊಡೋದಾ ಅನ್ನಿಸ್ತು. ಬೇಜಾರಾಗಿ ಮಾರನೇ ದಿನ ನೀವು ಬರೆಯದೆ ಹೋದ್ರೆ... ಅಂತ ಹೆದರಿದೆ."

 ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ಮೂರು ವಾರದಿಂದ ತನ್ನೊಳಗೂ ಒಪ್ಪಿಕೊಳ್ಳದ ಮಾತನ್ನು ಈಗ ಹೇಳಿದಳು.

"ಕಳೆದಿದ್ದೀರಾ ಅಂತ ನಾನೂ ಬರೆದಿದ್ದೆ. ಅಷ್ಟೂ ಗೊತ್ತಿಲ್ವಾ ಇವಳಿಗೆ ಅಂದ್ಕೋತೀರಿ ಅಂತ... ಅಳಿಸಿದೆ."

 ಒಬ್ಬರ ಮುಂದೊಬ್ಬರು ಸಣ್ಣವರಾಗಬಾರದು ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು; ಅದಕ್ಕೆ ಬೆಲೆ ತೆರುತ್ತಿದ್ದ ಮೇಷ್ಟ್ರು ಒಳಗೆ ಕಷ್ಟಪಟ್ಟು ಉಸಿರೆಳೆಯುತ್ತಿದ್ದರು.

"ಹೇಳದೆ ಇದ್ದುಬಿಡೋಣವಾ? ನೆಮ್ಮದಿಯಿಂದ ಹೋಗಲಿ," ಎಂದ ಅವನು ಮೆಲ್ಲಗೆ.

ಅವಳು ಬೇಡವೆಂದು ತಲೆಯಾಡಿಸಿದಳು. ತಪ್ಪು ಅಂಕಿಯನ್ನು ನೆಮ್ಮದಿ ಎಂದುಕೊಳ್ಳುವ ಜೀವ ಅವರದಲ್ಲ. ಸರಿಯಾದ ಉತ್ತರ ನೋಡಲು ಅವರಿಗೆ ಸಮಯವಿಲ್ಲ, ಅಷ್ಟೇ. ಆದರೂ ಪ್ರಶ್ನೆ ಇನ್ನೂ ಮುಗಿದಿಲ್ಲ ಎಂದು ತಿಳಿದೇ ಹೋಗಲಿ.

"ನಾನೇ ಹೇಳ್ತೀನಿ. ಆದ್ರೆ ಒಬ್ಬಳ ಕೈಲಾಗಲ್ಲ... ಪಕ್ಕದಲ್ಲಿ ನಿಂತಿರ್ತೀರಾ?"

"ನಿಂತಿರ್ತೀನಿ."

ಅವಳು ಬಾಗಿಲ ಹಿಡಿಯ ಮೇಲೆ ಕೈ ಇಟ್ಟಳು. ಅದರ ಮೇಲೆ ಅವನ ಕೈ ಬಂತು.

"ಆಮೇಲೆ?" ಎಂದಳು, ತಿರುಗಿ ನೋಡದೆ.

"ಆಮೇಲೂ."