ನಡುವಿನ ಸಾಲು

“ಜಗಳ ಆಡ್ಕೊಂಡಿದ್ದೀರಾ ಇಬ್ರೂ? ನಡುವೆ ಎಮ್ಮೆ ಮಲಗೋಷ್ಟು ಜಾಗ ಬಿಟ್ಕೊಂಡು ನಡೀತಿದ್ದೀರಲ್ಲ!”

ದಡದಲ್ಲಿದ್ದ ಆಫೀಸರ್ ಮೇಡಂ ತಮಾಷೆಗೆಂದೇ ಕೂಗಿದ್ದು. ಮೊಣಕಾಲುದ್ದ ಕೆಸರಿನಲ್ಲಿ ಅವಳೂ ನಾನೂ ನಿಂತುಬಿಟ್ಟೆವು.

ಕೆಸರುಗಣ್ಣಿ ಎಂಬ ಬಟಾಣಿ ಗಾತ್ರದ ನೀಲಿ ಹೂವು ಈ ಜೌಗು ಬಿಟ್ಟರೆ ಬೇರೆಲ್ಲೂ ಇಲ್ಲ. ಇವತ್ತೂ ಸಿಗದಿದ್ದರೆ ಮೇಡಂ ಕೈಯಲ್ಲಿರುವ ಸರ್ಕಾರಿ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ‘ಅಳಿವಿನಂಚಿನಲ್ಲಿದೆ’ ಹೋಗಿ ‘ಅಳಿದಿದೆ’ ಎಂದಾಗುತ್ತದೆ. ಆಮೇಲೆ ಜೌಗಿಗೆ ಮಣ್ಣು ತುಂಬುತ್ತಾರೆ.

ಮೊದಲು ನಾವು ಮೂವರು ಸಾಲಾಗಿ ಹುಡುಕುತ್ತಿದ್ದೆವು. ಅವಳು ಎಡಕ್ಕೆ, ನಾನು ಬಲಕ್ಕೆ, ನಡುವೆ ಅವಳ ಗಂಡ; ನಮ್ಮಿಬ್ಬರಿಗೂ ಹೂ ಗುರುತಿಸಲು ಕಲಿಸಿದ ಮೇಷ್ಟ್ರು. ಅವರು ಎದೆನೋವಿನಿಂದ ತೀರಿಕೊಂಡ ಮೇಲೂ ನಾವು ನಮ್ಮ ನಮ್ಮ ಸಾಲು ಬಿಡಲಿಲ್ಲ. ಗಾಳಿಯಿಲ್ಲದ ದಿನವೂ ಅವರ ಸಾಲಿನಲ್ಲಿ ಜೊಂಡು ಬಾಗುತ್ತಿತ್ತು, ನೀರು ಅಲುಗುತ್ತಿತ್ತು. ಇಬ್ಬರೂ ನೋಡುತ್ತಿದ್ದೆವು, ಬಾಯಿ ಬಿಡುತ್ತಿರಲಿಲ್ಲ. ನನ್ನ ಮನಸ್ಸನ್ನು ಅವಳಿಗೆ ಹೇಳದೆ ಇದ್ದದ್ದೂ ಅದಕ್ಕೇ. ನಡುವೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು.

“ಕೊಕ್ಕರೆ,” ಎಂದಳು. ನನ್ನ ಉದ್ದ ಕಾಲಿಗೆ ಅವಳಿಟ್ಟ ಹೆಸರು. “ಆ ನಡುವಿನ ಸಾಲು ಯಾರು ನೋಡಿದ್ದು?”

“ಯಾರೂ ಇಲ್ಲ. ಅದು ಮೇಷ್ಟ್ರದ್ದಲ್ವಾ?”

“ಸತ್ತೋರು ಹೂ ಹುಡುಕ್ತಾರೇನೋ, ಪೆದ್ದ!” ನಗಲು ಹೋದ ದನಿ ಒಡೆಯಿತು. “ನಾನೂ ಪೆದ್ದಿನೇ ಬಿಡು.”

“ನಾನು ಹೋಗಿ ನೋಡ್ಲಾ?”

“ಬೇಡ, ನಾನೇ...” ಒಂದು ಹೆಜ್ಜೆ ಇಟ್ಟು ನಿಂತಳು. “ಇಬ್ರೂ ಹೋಗೋಣ ಕಣೋ. ಒಬ್ಬಳೇ ಇದ್ದಾಗ ಅವ್ರು ಕರೆದ್ರೆ, ನಾನು ವಾಪಸ್ ಬರಲ್ಲ.”

ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ಹೋದೆವು. ಅಲ್ಲಿ ನೀರು ತಣ್ಣಗಿತ್ತು, ಉಳಿದ ಕಡೆಗಿಂತ ತಣ್ಣಗೆ. ಅವಳು ಜೊಂಡು ಸರಿಸಿದಳು. ಬುಡದಲ್ಲಿ ಒಂದೇ ಒಂದು ನೀಲಿ ಕಣ್ಣು, ನಮ್ಮನ್ನೇ ಕಾಯುತ್ತಿದ್ದಂತೆ ತೆರೆದಿತ್ತು.

“ಇದೆ,” ಎಂದು ಪಿಸುಗುಟ್ಟಿದಳು. ಆಮೇಲೆ ನೀರು ನೋಡುತ್ತಾ, “ರೀ, ಇದೆ ಕಣ್ರೀ. ಇನ್ನು ನೀವು ಹೊರಡಿ.”

“ನಾನಾ?” ಗಾಬರಿಯಾಯಿತು ನನಗೆ.

ಒದ್ದೆ ಕಣ್ಣಿನಲ್ಲೇ ಓರೆಯಾಗಿ ನೋಡಿದಳು. “ನಿನ್ನನ್ನ ಯಾವತ್ತಾದ್ರೂ ‘ರೀ’ ಅಂದಿದ್ದೀನಾ? ನೀನು ಇರು.”

“ಎಷ್ಟು ದಿನ?”

“ಕೆಸರಲ್ಲಿ ನಿಲ್ಲಿಸ್ಕೊಂಡು ಕೇಳೋ ಪ್ರಶ್ನೇನಾ ಇದು?”

ಮೇಡಂ ಅವರನ್ನು ಕೈಬೀಸಿ ಕರೆದು, ಅವಳು ನನ್ನ ಭುಜ ಹಿಡಿದು ಕಾಲೆತ್ತಿದಳು. ಕಾಲು ಬಂತು, ಬೂಟು ಕೆಸರಲ್ಲೇ ಉಳಿಯಿತು.