ಎಣ್ಣೆ ಹಾಕಿಸಿಕೊಂಡವರು

1995ನೇ ಇಸವಿ ಮಾರ್ಚ್ 16, ಗುರುವಾರ ಬೆಳಿಗ್ಗೆ 10-40ಕ್ಕೆ ನೀಲಾಂಬಿಕ ಎಂಬ ಹೆಂಗಸು ಠಾಣೆಗೆ ಬಂದು ಒಂದು ಅರ್ಜಿ ಕೊಟ್ಟರು. ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ರಸ್ತೆಯ ಠಾಣೆಗಳಲ್ಲಿ ಅದೂ ಒಂದು. ಯಾವುದೆಂದು ಹೇಳಿದರೆ ಈಗ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸಿಕೊಂಡಿರುವ ಅಲ್ಲಿನ ರೈಟರಿಗೆ ಬೇಸರವಾದೀತು. ಠಾಣೆಯ ಹೆಸರು ಬೇಡ.

ಅರ್ಜಿಯಲ್ಲಿ ನಾಲ್ಕೇ ಸಾಲು. ತನ್ನ ಗಂಡ ಸರ್ವೇಯರ್ ಚನ್ನೇಶ್ ಮಂಗಳವಾರ ಕುಪ್ಪಗಡ್ಡೆ ರಸ್ತೆಯಲ್ಲಿ ಬುಲೆಟ್ ಮೋಟಾರ್ ಸೈಕಲ್ ಸಮೇತ ಬಿದ್ದು ತೀರಿಕೊಂಡರು. ಕುಡಿದ ಅಮಲಿನಲ್ಲಿ ಬಿದ್ದರು ಎಂದು ಎಫ್‌ಐಆರ್‌ನಲ್ಲಿ ಬರೆಯಲಾಗಿದೆ. ಅವರು ಕುಡಿಯುವವರಲ್ಲ. ಆ ಮಾತನ್ನು ತೆಗೆಯಬೇಕು.

ಸಬ್ ಇನ್‌ಸ್ಪೆಕ್ಟರ್ ಗುರುಪ್ರಕಾಶ್ ಅರ್ಜಿಯನ್ನು ಎರಡು ಸಲ ಓದಿದ. ಗಂಡ ಕುಡಿಯುವುದಿಲ್ಲ ಎನ್ನದ ಹೆಂಡತಿಯನ್ನು ಅವನು ಹನ್ನೊಂದು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ.

"ಅನುಕಂಪದ ನೌಕರಿಗೆ ಅರ್ಜಿ ಹಾಕ್ತೀರೇನಮ್ಮ?"

"ಹಾಕ್ಬೇಕ್ರಿ."

"ಕುಡಿದು ಸತ್ತ ಅಂತಿದ್ರೆ ತೊಂದ್ರೆ ಆಗುತ್ತೆ ಅಂತ ಬಂದ್ರಾ?"

ಆಕೆಗೆ ಸಿಟ್ಟು ಬಂತು. ಆದರೆ ದನಿ ಏರಲಿಲ್ಲ. "ನೌಕರಿ ಹೋದ್ರೆ ಹೋಗ್ಲಿ ಬಿಡ್ರಿ, ಹೊಲಿಗೆ ಹಾಕ್ಯಾದ್ರೂ ಬದುಕ್ತೀನಿ. ಮನೆ ಮುಂದೆ ನಿಂತು ಮಾತಾಡ್ಸೋರೆಲ್ಲ ಅದನ್ನೇ ಕೇಳ್ತಾರೆ. ಕೊರಳಲ್ಲಿ ಲಿಂಗ ಕಟ್ಟಿದ್ದ ಮನುಷ್ಯ ಅವರು. ಸತ್ತ ಮೇಲೆ ಅವರ ಬಾಯಿಗೆ ಹೆಂಡ ಹುಯ್ದ್ರಲ್ಲ ನೀವು?"

ಗುರುಪ್ರಕಾಶ್ ಆಕೆಯನ್ನು ಕಳಿಸಿ ಕಡತ ತರಿಸಿದ. ಮರಣೋತ್ತರ ಪರೀಕ್ಷೆಯ ವರದಿ ಹಿಂದಿನ ಸಂಜೆಯೇ ಬಂದು, ಯಾರೂ ಓದದೆ, ಪಿನ್ನು ಚುಚ್ಚಿಸಿಕೊಂಡು ಕೂತಿತ್ತು. ಸಾವಿಗೆ ಕಾರಣ ತಲೆಯ ಪೆಟ್ಟು. ಹೊಟ್ಟೆಯಲ್ಲಿ ಅವಲಕ್ಕಿ ಮತ್ತು ಚಹಾ. ಮದ್ಯದ ವಾಸನೆ ಇಲ್ಲ.

ರೈಟರ್ ಗಂಗಾಧರಪ್ಪನನ್ನು ಕರೆದ. ಠಾಣೆಯ ಬರವಣಿಗೆಯೆಲ್ಲ ಆತನದೇ. ಅಕ್ಷರ ಮುತ್ತಿನಂಥದ್ದು, ಅದರ ಬಗ್ಗೆ ಜಂಬವೂ ಇತ್ತು.

"ಕುಡಿದಿದ್ದ ಅಂತ ಹೇಳಿದ್ದು ಯಾರು?"

"ಚಹದಂಗಡಿ ಲೋಕಮ್ಮ ಸಾರ್. ಬೀಳೋಕೆ ಹತ್ತು ನಿಮಿಷ ಮುಂಚೆ ನೋಡಿದೋಳು. ಹೇಳಿಕೆ ನಾನೇ ಬರ್ಕೊಂಡಿದ್ದು."

ಹೇಳಿಕೆ ಹೀಗಿತ್ತು: 'ಸದರಿ ಮೃತನು ಬೆಳಿಗ್ಗೆಯೇ ಮದ್ಯಪಾನ ಮಾಡಿಕೊಂಡು ನನ್ನ ಅಂಗಡಿಗೆ ಬಂದಿದ್ದು, ಆತನಿಂದ ವಾಸನೆ ಬರುತ್ತಿದ್ದು, ನಂತರ ಅತಿವೇಗ ಮತ್ತು ಅಜಾಗರೂಕತೆಯಿಂದ ಹೊರಟಿರುತ್ತಾನೆ.'

ವೈದ್ಯರು ಇಲ್ಲವೆಂದ ವಾಸನೆ ಲೋಕಮ್ಮನ ಮೂಗಿಗೆ ಹೇಗೆ ಬಡಿಯಿತು? ಸುಳ್ಳು ಹೇಳಿದಳೋ, ಅಥವಾ ಅವಳೇ ಗುಟ್ಟಾಗಿ ಪ್ಯಾಕೆಟ್ ಸಾರಾಯಿ ಮಾರುತ್ತಾಳೋ? ಮಧ್ಯಾಹ್ನ 1-15ಕ್ಕೆ ಗುರುಪ್ರಕಾಶ್ ಕಾನ್‌ಸ್ಟೇಬಲ್ ಮಾಲತೇಶನನ್ನು ಕರೆದುಕೊಂಡು ಅವಳ ಅಂಗಡಿ ಮುಂದೆ ಜೀಪು ನಿಲ್ಲಿಸಿದ. ಲೋಕಮ್ಮ ಒಲೆಯ ಪಕ್ಕದ ಚೀಲವೊಂದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಮಾಲತೇಶ ಅದನ್ನು ಎಳೆದು ನೋಡಿದರೆ ಒಳಗಿದ್ದದ್ದು ರೇಷನ್ ಸಕ್ಕರೆ.

"ಸಕ್ಕರೆ ವಿಷಯ ಆಮೇಲೆ. ಸರ್ವೇಯರ್ ಕುಡಿದಿದ್ದು ಎಲ್ಲಿ?"

"ಇಲ್ಲೇ ರೀ, ಈ ಬೆಂಚಿನ ಮೇಲೆ. ಒಂದ್ ಲೋಟ ಚಾ."

"ಚಾ ಅಲ್ಲ. ಅವತ್ತು ನಮ್ಮ ರೈಟರಿಗೆ ಏನು ಹೇಳಿದೆ? ಹೇಳಿದ ಹಂಗೇ ಹೇಳು."

"ಸರ್ವೇಯರ್ರು ಬೆಳಿಗ್ಗೇನೇ ಎಣ್ಣೆ ಹಾಕ್ಸ್ಕಂಡು ಬಂದ್ರು, ಹತ್ರ ಬಂದ್ರೆ ಗಬ್ಬು ವಾಸ್ನೆ, ಚಾ ಕುಡ್ದು ಭರ್ರಂತ ಹೋದ್ರು. ಅಷ್ಟೇ ಹೇಳಿದ್ದು ಮಾರಾಯ್ರೆ."

"ಯಾವ ಎಣ್ಣೆ?"

ಲೋಕಮ್ಮ ಅವನ ಮುಖವನ್ನೇ ನೋಡಿದಳು. ಇಷ್ಟು ದೊಡ್ಡ ಆಫೀಸರಿಗೆ ಇಷ್ಟು ಸಣ್ಣ ವಿಷಯ ತಿಳಿಯದೇ ಎಂಬ ಅನುಮಾನ ಅವಳಿಗೆ. "ಗಾಡಿಗೆ ರೀ. ಗಾಡಿಗೆ ಎಣ್ಣೆ ಬದ್ಲು ಮಾಡ್ಸಿದ್ರು. ಚೈನು ತೊಳ್ದ ಸೀಮೆಣ್ಣೆ ಪ್ಯಾಂಟಿಗೂ ಹಾರಿತ್ತು. ಅದೇ ವಾಸ್ನೆ."

ಊರಿನ ಜನ ಎಣ್ಣೆ ಎಂದು ಎರಡನ್ನೂ ಹೇಳುತ್ತಾರೆ. ಗಂಗಾಧರಪ್ಪ ಠಾಣೆಯಲ್ಲಿ ದಿನಾ ಕೇಳುವುದು ಒಂದನ್ನೇ. ಬಾಯಲ್ಲಿ ಬಂದ ಎಣ್ಣೆ ಕಾಗದಕ್ಕೆ ಇಳಿಯುವಾಗ ಮದ್ಯವಾಯಿತು. ಆತನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ, ಶುದ್ಧ ಭಾಷೆ ಬರೆಯುವ ಹುಚ್ಚು ಇತ್ತು, ಅಷ್ಟೇ. ಅದರಿಂದ ಒಬ್ಬ ಹೆಂಗಸು ಎರಡು ದಿನದಿಂದ ಬೀದಿಯಲ್ಲಿ ತಲೆ ಎತ್ತಿರಲಿಲ್ಲ.

"ಎಲ್ಲಿ ಹಾಕಿಸಿಕೊಂಡ್ರು?"

"ಇಲ್ಲೇ ಹಿಂದಕ್ಕೆ, ಮಲ್ಲೇಶಪ್ಪನ ಶಾಪಲ್ಲಿ. ತಿಂಗ್ಳಿಗೊಂದ್ ಸಲ ಅಲ್ಲೇ ಮಾಡ್ಸೋದು ಅವ್ರು."

ಅಲ್ಲಿಗೆ ತಿದ್ದುಪಡಿ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಗುರುಪ್ರಕಾಶನ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತು. ಕುಡಿದಿರದ ಮನುಷ್ಯ, ಆಗಷ್ಟೇ ರಿಪೇರಿಯಾದ ಗಾಡಿ, ಹಗಲು ಹತ್ತು ಗಂಟೆ, ನೇರ ರಸ್ತೆ. ಬಿದ್ದದ್ದು ಹೇಗೆ?

ಸಂಜೆ 4ಕ್ಕೆ ಠಾಣೆಯ ಹಿಂದೆ ನಿಲ್ಲಿಸಿದ್ದ ಬುಲೆಟ್ಟನ್ನು ಮಾಲತೇಶ ಬಿಸಿಲಿಗೆ ತಳ್ಳಿಕೊಂಡು ಬಂದ. ಈಸೂರಿನವನು, ಪೊಲೀಸ್ ಆಗುವ ಮೊದಲು ನಾಲ್ಕು ವರ್ಷ ಗ್ಯಾರೇಜಿನಲ್ಲಿ ಮೈ ಕಪ್ಪು ಮಾಡಿಕೊಂಡವನು. ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ತೋರಿಸಿದ. ಎಣ್ಣೆ ಜೇನುತುಪ್ಪದ ಬಣ್ಣಕ್ಕಿತ್ತು.

"ಓಡಿದ ಎಣ್ಣೆ ಡಾಂಬರಿನಂಗೆ ಆಗಿರುತ್ತೆ ಸಾರ್. ಇದು ಹೊಸದು. ಲೋಕಮ್ಮ ನಿಜ ಹೇಳಿದಾಳೆ."

"ಚೈನು?"

ಪಂಚನಾಮೆಯಲ್ಲಿ 'ತುಂಡಾದ ಕಬ್ಬಿಣದ ಸರಪಳಿ ಒಂದು' ಎಂದು ಬರೆದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಮಾಲತೇಶ ಅದನ್ನು ಪೇಪರಿನ ಮೇಲೆ ಉದ್ದಕ್ಕೆ ಹಾಸಿದ. ಕೊಂಡಿಗಳೆಲ್ಲ ಸ್ವಚ್ಛವಾಗಿದ್ದವು, ಎಣ್ಣೆ ಕುಡಿದಿದ್ದವು.

"ತುಂಡಾಗಿಲ್ಲ ಸಾರ್. ಬಿಚ್ಚಿಕೊಂಡಿದೆ. ತೊಳೆಯೋಕೆ ಚೈನ್ ಬಿಚ್ಚಿದ್ರೆ, ತಿರುಗಿ ಸೇರಿಸುವಾಗ ಎರಡು ತುದಿಗೆ ಒಂದು ಕೊಂಡಿ ಹಾಕಿ, ಅದು ಜಾರದ ಹಾಗೆ ಉಗುರಿನಷ್ಟು ಲಾಕ್ ಕೂರಿಸ್ತೀವಿ. ಆ ಲಾಕ್ ಇಲ್ಲ."

"ಬಿದ್ದು ಹೋಗಿರಬಹುದಲ್ಲ?"

"ಲಾಕ್ ಕೂರೋ ಕಚ್ಚಿನಲ್ಲಿ ಇದೇನು ನೋಡಿ."

ಕೊಂಡಿಯ ಮೊಳೆಯ ಸುತ್ತ ಗೀರಿದಷ್ಟು ಸಣ್ಣ ಕಚ್ಚು. ಅದರಲ್ಲಿ ಕೂದಲಿಗಿಂತ ಕೊಂಚ ದಪ್ಪದ ತಾಮ್ರದ ತಂತಿ ಎರಡು ಸುತ್ತು ಸುತ್ತಿ ಹರಿದಿತ್ತು. ಲಾಕಿನ ಬದಲು ಯಾರೋ ತಂತಿ ಕಟ್ಟಿದ್ದರು. ಮೂರು ನಾಲ್ಕು ಮೈಲಿ ತಡೆಯುತ್ತದೆ, ಆಮೇಲೆ ಹರಿಯುತ್ತದೆ. ಸಾಮಾನ್ಯವಾಗಿ ಚೈನು ಕಳಚಿ ಗಾಡಿ ನಿಲ್ಲುತ್ತದೆ. ಇಲ್ಲಿ ಅದು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡು, ಓಡುತ್ತಿದ್ದ ಗಾಡಿಯ ಚಕ್ರ ಗಕ್ಕನೆ ನಿಂತಿತ್ತು.

ಮಾರ್ಚ್ 17, ಶುಕ್ರವಾರ ಬೆಳಿಗ್ಗೆ 9-20. ಮಲ್ಲೇಶಪ್ಪನ ಶಾಪು. ಐವತ್ತು ದಾಟಿದ ಮನುಷ್ಯ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಪ್ಯಾನರ್. ಮೋಟಾರ್ ಸೈಕಲ್ ರಿಪೇರಿಯ ಜೊತೆಗೆ ಪಂಪ್‌ಸೆಟ್ ಮೋಟಾರಿನ ಸುರುಳಿಯನ್ನೂ ಕಟ್ಟುತ್ತಿದ್ದ. ಬಿಚ್ಚಿದ ನಟ್ಟುಗಳನ್ನು ಗಾಡಿಗೊಂದರಂತೆ ಬೇರೆ ಬೇರೆ ಬಟ್ಟಲಲ್ಲಿ ಇಡುವ ಅಚ್ಚುಕಟ್ಟು. ಇಂಥವನು ಮರೆತು ಲಾಕ್ ಬಿಡುವುದಿಲ್ಲ ಎಂದು ಗುರುಪ್ರಕಾಶನಿಗೆ ಅನ್ನಿಸಿತು.

"ಸರ್ವೇಯರ್ ಗಾಡಿಗೆ ಏನೇನು ಮಾಡಿದ್ರಿ?"

"ಹಳೇ ಎಣ್ಣೆ ತೆಗ್ದು ಹೊಸದು ಹಾಕಿದೆ. ಚೈನು ಬಿಚ್ಚಿ ಸೀಮೆಎಣ್ಣೆಲಿ ತೊಳ್ದೆ, ಎಣ್ಣೆ ಬಿಟ್ಟೆ, ಬಿಗಿ ಮಾಡ್ದೆ."

"ಎಷ್ಟು ಹೊತ್ತು?"

"ಒಂದ್ ತಾಸು."

"ತೊಳೆದ ಮೇಲೆ ಚೈನು ಹೆಂಗೆ ಸೇರಿಸಿದ್ರಿ?"

"ಲಾಕ್ ಹಾಕೇ ಸೇರಿಸಿದ್ದು. ತಂತಿಗಿಂತಿ ಕಟ್ಟೋ ಕೆಲಸ ನನ್ನ ಹತ್ರ ಇಲ್ಲ ಸಾರ್."

ತಂತಿಯ ಮಾತನ್ನು ಗುರುಪ್ರಕಾಶ್ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಇದು. ಆದರೂ ಗುರುಪ್ರಕಾಶ್ ಮುಖ ಬದಲಿಸಲಿಲ್ಲ. ಇಬ್ಬರು ಪಂಚರನ್ನು ಕರೆಸಿ, ಪಂಚನಾಮೆ ಬರೆಸಿ, ಗೂಟಕ್ಕೆ ತೂಗುಹಾಕಿದ್ದ ಮೂರು ಬಗೆಯ ತಾಮ್ರದ ತಂತಿಯಿಂದ ಒಂದೊಂದು ಗೇಣು ಕತ್ತರಿಸಿ ಲಕೋಟೆಗೆ ಹಾಕಿಸಿದ. ಎರಡನೆಯದು ಚೈನಿನ ತಂತಿಗೆ ದಪ್ಪದಲ್ಲೂ ಬಣ್ಣದಲ್ಲೂ ಕೂಡುತ್ತಿತ್ತು.

ಕೈ ಯಾರದೆಂದು ಗೊತ್ತಾಯಿತು. ಕಾರಣ ಗೊತ್ತಾಗಲಿಲ್ಲ. ತಿಂಗಳು ತಿಂಗಳು ಬರುವ ಗಿರಾಕಿಯನ್ನು ಯಾಕೆ ಬೀಳಿಸುತ್ತಾನೆ?

ಶನಿವಾರ ಗುರುಪ್ರಕಾಶ್, ಚನ್ನೇಶ್ ಸತ್ತ ದಿನ ಹೊರಟಿದ್ದ ಕೆಲಸದ ಕಾಗದ ನೋಡಿದಾಗ ಉತ್ತರದ ಬಾಲ ಸಿಕ್ಕಿತು. ಕುಪ್ಪಗಡ್ಡೆ ಹತ್ತಿರ ಹುಲಿಯಪ್ಪ ಎಂಬ ರೈತನ ಜಮೀನಿಗೆ ಹದ್ದುಬಸ್ತು, ಅಂದರೆ ಗಡಿ ಅಳೆದು ಕಲ್ಲು ನೆಡುವುದು. ನೋಟಿಸು ಪಡೆದ ಪಕ್ಕದ ಜಮೀನಿನವನ ಸಹಿ: ಮಲ್ಲೇಶಪ್ಪ. ಮಧ್ಯಾಹ್ನ 12ಕ್ಕೆ ಹುಲಿಯಪ್ಪನನ್ನು ಅವನ ಗದ್ದೆಯ ಬದುವಿನಲ್ಲೇ ವಿಚಾರಿಸಿದರು.

"ನಿಮ್ಮಿಬ್ಬರಿಗೂ ಜಗಳ ಇತ್ತಾ?"

"ಜಗ್ಳ ಏನಿಲ್ರಿ. ಅಳತೆ ಆಗ್ಲಿ ಅಂದೆ, ಅಂವ ಆಗ್ಲಿ ಅಂದ."

"ಎಷ್ಟು ಜಾಗಕ್ಕೆ ತಕರಾರು?"

"ಇಲ್ಲಿಂದ ಆ ಗದ್ದಿಗೆ ತನ್ಕ. ಎಂಟಡಿ."

"ಯಾರ ಗದ್ದಿಗೆ?"

"ಅವನ ಹೆಂಡ್ತಿದು. ಸರ್ವಮಂಗಳಕ್ಕ. ಹೋದ ವರ್ಷ ತೀರ್ಕೊಂಡ್ಲು, ಇಲ್ಲೇ ಹೂತ್ರು. ಆ ಜಾಗ ನಮ್ಮ ಕಡೆ ಬರುತ್ತೆ ಅಂತ ನಾನು ಆಗ್ಲೂ ಹೇಳ್ಲಿಲ್ರಿ. ಸಾವಿನ ಮನೇಲಿ ಹೇಳೋದು ಹೆಂಗೆ? ನಾಳೆ ಭಾನುವಾರ ವರ್ಷದ ಪೂಜೆ ಐತಿ."

ಮಾರ್ಚ್ 19, ಭಾನುವಾರ ಬೆಳಿಗ್ಗೆ 7-50. ಜೀಪು ಬಂದಾಗ ಮಲ್ಲೇಶಪ್ಪ ಗದ್ದಿಗೆಗೆ ನೀರು ಹಾಕಿ, ವಿಭೂತಿ ಹಚ್ಚಿ, ಪತ್ರೆ ಏರಿಸುತ್ತಿದ್ದ. ಅವನೊಬ್ಬನೇ ಇದ್ದ. ಮಾಲತೇಶ ಮುಂದೆ ಹೆಜ್ಜೆ ಇಟ್ಟ. ಗುರುಪ್ರಕಾಶ್ ಅವನ ತೋಳು ಹಿಡಿದು ನಿಲ್ಲಿಸಿದ. ಪೂಜೆ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ಮಲ್ಲೇಶಪ್ಪನೇ ಕೈ ಒರೆಸಿಕೊಂಡು ಜೀಪಿನ ಹತ್ತಿರ ಬಂದ.

"ತಂತಿ ಕಟ್ಟಿದ್ದು ನಾನೇ ಸಾರ್."

"ಸಾಯಿಸ್ಬೇಕು ಅಂತನಾ?"

"ಅಯ್ಯೋ ಶಿವನೇ, ಇಲ್ಲ. ಚೈನು ಬಿದ್ರೆ ದಾರೀಲಿ ನಿಲ್ತಾರೆ, ಅವತ್ತಿನ ಅಳತೆ ತಪ್ಪುತ್ತೆ ಅಂದ್ಕಂಡೆ. ನನ್ನ ಹತ್ರನೇ ತಳ್ಕಂಡು ಬರ್ತಾರೆ, ಲಾಕ್ ಹಾಕಿ ಕಳಿಸಿದ್ರಾತು ಅಂತ."

"ಒಂದು ದಿನ ತಪ್ಪಿಸಿ ಏನು ಸಿಗ್ತಿತ್ತು?"

"ಅವತ್ತು ತಪ್ಪಿದ್ರೆ ಮುಂದಿನ ವಾರ ಬರೋರು. ಅಷ್ಟ್ರಲ್ಲಿ ಈ ಪೂಜೆ ಆಗೋಗ್ತಿತ್ತು. ಒಂದ್ ವರ್ಷದ ಪೂಜೆನಾದ್ರೂ ಅವಳಿಗೆ ನಮ್ಮ ಜಾಗ್ದಲ್ಲಿ ಆಗ್ಲಿ ಅಂದ್ಕಂಡೆ. ಆಮೇಲೆ ಕಲ್ಲು ಎಲ್ಲಿ ಬಿದ್ರೂ ಬೀಳ್ಲಿ ಅಂತ."

ಬೆಳಿಗ್ಗೆ 8-25ಕ್ಕೆ ದಸ್ತಗಿರಿ ಎಂದು ಡೈರಿಯಲ್ಲಿ ನಮೂದಾಯಿತು. ದಂಡ ಸಂಹಿತೆಯ 304ನೇ ಕಲಂ, ಅಂದರೆ ಕೊಲೆಯಲ್ಲದ ನರಹತ್ಯೆ, ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಲೋಕಮ್ಮನ ಹೇಳಿಕೆಯನ್ನು ಹೊಸದಾಗಿ ಬರೆಯುವಾಗ ಗಂಗಾಧರಪ್ಪ ಪ್ರತಿ ಮಾತಿಗೂ ತಡೆದು, "ಯಾವುದಕ್ಕೆ? ಯಾರಿಗೆ?" ಎಂದು ಕೇಳಿಕೊಂಡ.

ಅವತ್ತೇ ಸಂಜೆ ಗುರುಪ್ರಕಾಶ್ ಅದರ ನಕಲು ಹಿಡಿದು ಶಿಕಾರಿಪುರಕ್ಕೆ ತಾನೇ ಹೋದ. ನೀಲಾಂಬಿಕ ಬಾಗಿಲಲ್ಲೇ ನಿಂತು ಓದಿದರು. 'ಮೃತನು ಮದ್ಯಪಾನ ಮಾಡಿರಲಿಲ್ಲ' ಎಂಬ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ ಕೇಳಿದರು:

"ಯಾಕೆ ಮಾಡಿದ್ನಂತ್ರಿ?"

ಅವನು ಶಾಪಿನಲ್ಲಿ ಕಳೆದ ಒಂದು ತಾಸಿನ ವಿಷಯ, ಗದ್ದಿಗೆಯ ವಿಷಯ ಹೇಳಿದ. ಆಕೆ ಕಾಗದದಿಂದ ಬೆರಳು ತೆಗೆದರು.

"ಹಿಂದಿನ ದಿನ ಊಟಕ್ಕೆ ಕೂತಾಗ ಅದೇ ಮಾತಾಡಿದ್ರು ನಮ್ಮನೆಯವ್ರು. ಕುಪ್ಪಗಡ್ಡೆ ಕಡೆ ಅಳತೇಲಿ ಒಂದು ಗದ್ದಿಗೆ ಐತಿ, ಹುಲಿಯಪ್ಪನ್ನ ಒಪ್ಸಿ ಅಷ್ಟು ಜಾಗ ಬಿಡ್ಸಿ ಕಲ್ಲು ಹಾಕಿಸ್ತೀನಿ, ಸತ್ತೋರಿಗೆ ಎಷ್ಟು ಜಾಗ ಬೇಕು ಅಂದಿದ್ರು." ಕಾಗದವನ್ನು ಮಡಿಸಿದರು. "ಚೈನು ತೊಳೀತಾ ಒಂದು ತಾಸು ಎದ್ರಿಗೇ ಕೂತಿದ್ರಲ್ರಿ. ಅಂವ ಒಂದ್ ಮಾತು ಕೇಳಿದ್ರೆ ಹೇಳ್ತಿದ್ರು."

ಗುರುಪ್ರಕಾಶ್ ಟೋಪಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ. ಆ ಮಾತನ್ನು ಲಾಕಪ್ಪಿನಲ್ಲಿದ್ದವನಿಗೆ ಹೇಳಬೇಕೋ ಬೇಡವೋ ಎಂದು ಠಾಣೆಯವರೆಗೂ ಯೋಚಿಸಿ, ಹೇಳಲಿಲ್ಲ.