ಗೇರ್ ಲಿವರ್‌ಗೆ ಯಾರ ಕೈ ಅಳತೆ

ಆ ಕೆಂಪು ಕಾರು ನಮ್ಮ ಗ್ಯಾರೇಜಿನ ಒಳಗೆ ಬಂದ ಕೂಡಲೇ ನನಗೆ ಅದರ ಮೇಲೆ ಆಸೆ ಹುಟ್ಟಿತು. ಅದರಿಂದ ಇಳಿದವರ ಮೇಲೆ ಹೊಟ್ಟೆಕಿಚ್ಚು ಹುಟ್ಟಲು ಇನ್ನೂ ಐದು ನಿಮಿಷ ಬೇಕಾಯಿತು.

ಎರಡೇ ಸೀಟಿನ, ಐವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು. ಇಳಿದವರು ಹಲ್ಲಿನ ಡಾಕ್ಟರು. ಎತ್ತರದ ನಿಲುವು, ನೀಳವಾದ ಕೈಗಳು. ಹಲ್ಲಿನ ಡಾಕ್ಟರು ಹೇಗೆ ನಗಬೇಕೋ ಹಾಗೇ ನಗುತ್ತಿದ್ದರು, ದರಿದ್ರದ್ದು.

"ಇದಕ್ಕಿರೋದು ನಾಲ್ಕೇ ಗೇರು. ಸ್ವಲ್ಪ ಸ್ಪೀಡಾಗಿ ಹೋದ್ರೆ ಎಂಜಿನ್ ಕಿರುಚ್ಕೊಳ್ಳುತ್ತೆ. ಐದು ಗೇರಿನ ಬಾಕ್ಸ್ ಕೂರಿಸಿಕೊಡ್ತೀರಾ?"

ಗ್ಯಾರೇಜ್ ನನ್ನದು. ಗೇರ್‌ಬಾಕ್ಸ್ ಕೆಲಸ ಅಪ್ಪನ ಕೈಯಿಂದ ನನ್ನ ಕೈಗೆ ಬಂದದ್ದು. ಆದರೆ ಅವರು ಕೇಳಿದ್ದು ನನ್ನನ್ನಲ್ಲ, ನಮ್ಮಲ್ಲಿ ಲೇತ್ ಕೆಲಸ ಮಾಡುವವನನ್ನು.

ಅವನು ಒಂದು ವಾರದ ಕೆಲಸಕ್ಕೆಂದು ಬಂದು ಆರು ವರ್ಷ ಉಳಿದವನು. ನನ್ನನ್ನು 'ಓನರ್ರೇ' ಎಂದು ಕರೆಯುತ್ತಾನೆ, ಅರ್ಧ ಮರ್ಯಾದೆ, ಅರ್ಧ ತಮಾಷೆ. ಹಾಗೆ ಕರೆದರೆ ನನಗೆ ಎಷ್ಟು ಇಷ್ಟ ಎಂದು ನಾನು ಯಾವತ್ತೂ ಬಾಯಿ ಬಿಟ್ಟಿಲ್ಲ.

"ಕೂರಿಸ್ಬಹುದು ಮೇಡಂ. ಆದ್ರೆ ಹೂಂ ಅನ್ಬೇಕಾದ್ದು ನಮ್ಮ ಓನರ್ರು," ಎಂದು ಕಣ್ಣಲ್ಲೇ ನನ್ನನ್ನು ತೋರಿಸಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ನಾನೂ ನಗುತ್ತಿದ್ದೆ. ಅವತ್ತು ಸುಮ್ಮನೆ ಬಾನೆಟ್ ಎತ್ತಿದೆ.

ಹಳೆಯ ಬಾಕ್ಸ್ ಇಳಿಸಿ, ಹೊಸದಕ್ಕೆ ಜಾಗ ಮಾಡಿದ್ದೆಲ್ಲ ನಾನೇ. ಆದರೆ ಹೊಸ ಬಾಕ್ಸಿನಲ್ಲಿ ಗೇರ್ ಲಿವರ್ ನಾಲ್ಕು ಬೆರಳು ಹಿಂದಕ್ಕೆ ಬರುತ್ತದೆ. ಆ ಕಾಲದ ಕಾರು, ಸೀಟು ಅಲುಗುವುದಿಲ್ಲ. ಹಾಗಾಗಿ ಲಿವರನ್ನೇ ಓಡಿಸುವವರ ಕೈಗೆ ಸರಿಯಾಗಿ ಬಗ್ಗಿಸಬೇಕು. ಅದು ಅವನ ಕೆಲಸ, ಅದಕ್ಕೊಂದು ಅವನದೇ ಕ್ರಮವಿದೆ. ಓಡಿಸುವವರನ್ನು ಸೀಟಿನಲ್ಲಿ ಕೂರಿಸಿ, ಲಿವರ್ ಜಾಗದಲ್ಲಿ ದಪ್ಪ ತಂತಿ ಸಿಕ್ಕಿಸಿ, ಅವರ ಕೈ ತಾನಾಗಿ ಇಳಿಯುವ ಕಡೆಗೆ ಅದನ್ನು ಬಗ್ಗಿಸುತ್ತಾನೆ. ಆಮೇಲೆ ಆ ತಂತಿ ನೋಡಿಕೊಂಡು ಉಕ್ಕಿನ ಲಿವರ್. ಇದಕ್ಕೆ ಅವರ ಕೈ ಹಿಡಿಯಲೇಬೇಕು. ಅಳತೆಗೆಂದು ಮತ್ತೆ ಬಂದ ಡಾಕ್ಟರನ್ನೂ ಹಾಗೇ ಕೂರಿಸಿದ.

"ಮೊಣಕೈ ಸಡಿಲ ಬಿಡಿ ಮೇಡಂ. ನೀವು ಗೇರ್ ಹುಡುಕ್ಬಾರ್ದು, ಅದೇ ಬಂದು ಕೈಗೆ ಸಿಗ್ಬೇಕು."

"ಎಲ್ಲರಿಗೂ ಹೀಗೇ ಕೈ ಹಿಡಿದು ಹೇಳ್ಕೊಡ್ತೀರಾ?" ಎಂದರು ಡಾಕ್ಟರು.

ಅವನು ನಕ್ಕ. ನಾನು ಮೂಲೆಯ ಬೆಂಚಿನಲ್ಲಿ ಹಳೆಯ ಗೇರೊಂದನ್ನು ಸೀಮೆಎಣ್ಣೆಯಲ್ಲಿ ನಾಲ್ಕನೇ ಸಲ ತೊಳೆಯುತ್ತಿದ್ದೆ.

"ಸವೆದೇ ಹೋಗುತ್ತೆ, ಬಿಡಮ್ಮ," ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

ಹೊರಡುವಾಗ ಡಾಕ್ಟರು ಅವನಿಗೆ ಹೇಳಿದರು: "ನಮ್ಮಣ್ಣ ಬೇರೆ ಊರಲ್ಲಿ ಹಳೇ ಕಾರ್‌ಗಳ ವರ್ಕ್‌ಶಾಪ್ ಇಟ್ಟಿದ್ದಾನೆ. ನಿಮ್ಮಂಥೋರನ್ನೇ ಹುಡುಕ್ತಿದ್ದಾನೆ. ಶನಿವಾರ ಕಾರ್ ತಗೊಳ್ಳೋಕೆ ಬಂದಾಗ ಏನೂಂತ ಹೇಳಿ."

"ಯೋಚಿಸ್ತೀನಿ ಮೇಡಂ."

ಆಗಲ್ಲ ಎನ್ನಲಿಲ್ಲ ಅವನು.

ಸಂಜೆ ಅವನು ಹೋದ ಮೇಲೆ ನೋಡಿದೆ. ಮೊಳೆಗೆ ಆ ತಂತಿ ನೇತು ಹಾಕಿದ್ದ. ಅದಕ್ಕೆ ಕಟ್ಟಿದ ಚೀಟಿಯಲ್ಲಿ 'ಡಾಕ್ಟರ್ ಮೇಡಂ' ಎಂದು ಮುದ್ದಾದ ಅಕ್ಷರ. ನನಗೆ ಬರೆದುಕೊಡುವ ಸಾಮಾನಿನ ಪಟ್ಟಿ ಕಾಗೆ ಕಾಲು, ಗುಬ್ಬಿ ಕಾಲು! ತಂತಿಯನ್ನು ಮಂಡಿಗೆ ಒತ್ತಿ ನೆಟ್ಟಗೆ ಮಾಡಿ ಗುಜರಿ ಡ್ರಮ್ಮಿಗೆ ಎಸೆದೆ.

"ಓನರ್ರೇ, ಇಲ್ಲೊಂದು ತಂತಿ ಇತ್ತಲ್ಲ?" ಎಂದ ಮರುದಿನ.

"ನಿಮ್ಮ ತಂತಿ ಕಾಯೋದೇ ನನಗೆ ಕೆಲಸಾನಾ?"

ಒಂದು ಗಳಿಗೆ ನನ್ನ ಮುಖ ನೋಡಿದ. ಇನ್ನೇನು, ಡಾಕ್ಟರನ್ನು ಮತ್ತೆ ಕರೆಸುತ್ತಾನೆ, ಮತ್ತೆ ಕೈ ಹಿಡಿಯುತ್ತಾನೆ ಎಂದು ಆಗ ಹೊಳೆದು ನನ್ನನ್ನು ನಾನೇ ಬೈದುಕೊಂಡೆ. ಅವನು ಕರೆಸಲಿಲ್ಲ. ಅಂದಾಜಿನಲ್ಲೇ ಲಿವರ್ ಬಗ್ಗಿಸಿ ಮುಗಿಸಿದ.

ಶನಿವಾರ ಬಂದ ಡಾಕ್ಟರು ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಮುಖ ಸಪ್ಪಗಿತ್ತು.

"ಗೇರೇನೋ ಬೆಣ್ಣೆ ಥರ ಬೀಳುತ್ತೆ. ಆದ್ರೆ ಲಿವರ್ ತೀರಾ ಹತ್ರ ಬಂದಿದೆ. ಸೆಕೆಂಡ್ ಹಾಕಿದ್ರೆ ಮೊಣಕೈ ಸೀಟಿಗೆ ಬಡಿಯುತ್ತೆ."

ಅವನ ಮುಖ ಬಿಳಿಚಿಕೊಂಡಿತು. ಆರು ವರ್ಷದಲ್ಲಿ ಅವನು ಮಾಡಿದ ಒಂದು ಲಿವರೂ ವಾಪಸ್ ಬಂದಿರಲಿಲ್ಲ. ಅಷ್ಟರಲ್ಲಿ ಡಾಕ್ಟರಿಗೆ ಫೋನ್ ಬಂದು ಗೇಟಿನ ಕಡೆ ಹೋದರು.

ತಪ್ಪೆಲ್ಲಿದೆ ನೋಡೋಣವೆಂದು ನಾನು ಸೀಟಿನಲ್ಲಿ ಕೂತೆ. ಕ್ಲಚ್ ತುದಿಗಾಲಿಗೆ ಸಿಕ್ಕಿತು. ಕೈ ಕೆಳಗಿಳಿಸಿದೆ, ಹುಡುಕಲಿಲ್ಲ. ಲಿವರಿನ ತುದಿಯ ಗುಂಡು ತಾನಾಗಿ ನನ್ನ ಅಂಗೈಯೊಳಗೆ ಬಂತು. ಫಸ್ಟ್, ಸೆಕೆಂಡ್, ಥರ್ಡ್. ಮೊಣಕೈ ಎಲ್ಲೂ ತಾಗಲಿಲ್ಲ. ನನ್ನ ಅಂಗೈ ಚಿಕ್ಕದು. ಅವನು ಲೇತಿನಲ್ಲಿ ಕಡೆದ ಗುಂಡೂ ಅಷ್ಟೇ ಚಿಕ್ಕದಿತ್ತು.

"ಇದು ಅವರ ಅಳತೆ ಅಲ್ಲ," ಎಂದೆ.

ಅವನು ಬಾಗಿಲಿಗೆ ಬಗ್ಗಿ ನೋಡಿದ. ಲಿವರ್ ನೋಡಿದ, ನನ್ನ ಕೈ ನೋಡಿದ. ಕಿವಿಯೆಲ್ಲ ಕೆಂಪಾಯಿತು.

"ಕಣ್ಣು ಮುಚ್ಚಿ ನೆನಪು ಮಾಡ್ಕೊಂಡು ಬಗ್ಗಿಸಿದೆ. ಅವರ ಕೈ ಅಂದ್ಕೊಂಡೇ ಬಗ್ಗಿಸಿದ್ದು. ನೆನಪಿಗೆ ಬಂದಿದ್ದು ಈ ಕೈ ಅಂತ ಈಗ ಗೊತ್ತಾಗ್ತಿದೆ."

"ನನ್ನ ಕೈ ಯಾವತ್ತೂ ಹಿಡಿದೇ ಇಲ್ವಲ್ಲ ನೀವು."

"ಆರು ವರ್ಷದಿಂದ ದಿನಾ ನೋಡ್ತಿದ್ದೀನಲ್ಲ."

ಲಿವರಿನಿಂದ ಕೈ ತೆಗೆಯದೆ ಹೇಳಿಬಿಟ್ಟೆ: "ತಂತಿ ಬಿಸಾಕಿದ್ದು ನಾನೇ. ಹೊಟ್ಟೆ ಉರಿದು ಬಿಸಾಕಿದೆ."

"ಗೊತ್ತು. ಡ್ರಮ್ಮಲ್ಲಿ ಸಿಕ್ತು. ಅಷ್ಟು ಸಿಟ್ಟಲ್ಲಿ ನೆಟ್ಟಗೆ ಮಾಡೋರು ಇಲ್ಲಿ ಇನ್ಯಾರಿದ್ದಾರೆ?"

"ಮತ್ತೆ ಅವರನ್ನ ಯಾಕೆ ಕರೆಸ್ಲಿಲ್ಲ?"

"ನೀವು ಇನ್ನೆಷ್ಟು ಗೇರ್ ತೊಳೀತಿದ್ರೋ ಅಂತ."

"ತಮಾಷೆ ಬೇಡ. ಹೋಗೋಕೆ ಮನಸ್ಸಿಲ್ದಿದ್ರೆ ಯೋಚಿಸ್ತೀನಿ ಅಂತ ಯಾಕೆ ಅಂದೆ?" ಸಿಟ್ಟಿನಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದೆ.

"ನಿಮ್ಮ ಬಾಯಲ್ಲಿ 'ಹೋಗ್ಬೇಡ' ಅಂತ ಬರುತ್ತೇನೋ ಅಂತ ಕಾದೆ. ವಾರವೇ ಮುಗೀತು." ಅವನ ದನಿಯಲ್ಲಿ ನಗುವಿರಲಿಲ್ಲ.

"ಹೋಗ್ಬೇಡ," ಎಂದೆ. "ಕೆಲಸಕ್ಕಲ್ಲ. ನಾಳೆ ನೀನು ಲೇತ್ ಮುಟ್ಟೋದೇ ಬಿಟ್ರೂ ನನಗೆ ನೀನು ಬೇಕು."

ಅವನು ಲಿವರ್ ಮೇಲಿದ್ದ ನನ್ನ ಕೈ ಮೇಲೆ ತನ್ನ ಕೈ ಇಟ್ಟ. ಇಬ್ಬರ ಕೈಯೂ ಗ್ರೀಸ್.

ಡಾಕ್ಟರು ಫೋನ್ ಹಿಡಿದೇ ವಾಪಸ್ ಬಂದರು. "ನಮ್ಮಣ್ಣ ಲೈನಲ್ಲಿದ್ದಾನೆ. ಏನ್ ಹೇಳ್ಲಿ?"

"ಇವರು ಬರಲ್ಲ," ಎಂದೆ ನಾನು ಸೀಟಿನಿಂದಲೇ.

"ಅವರೇ ಹೇಳ್ಲಿ."

"ಬರಲ್ಲ ಮೇಡಂ, ನನ್ನ ಮನಸ್ಸು ಇಲ್ಲೇ," ಎಂದ ಅವನು, ನನ್ನ ಕೈ ಬಿಡದೆ. "ಲಿವರ್ ತಪ್ಪಾಗಿದೆ, ಒಪ್ಕೋತೀನಿ. ಸೋಮವಾರ ಬನ್ನಿ, ಇನ್ನೊಂದ್ಸಲ ಅಳತೆ ತಗೊಂಡು—"

"ಸೋಮವಾರ ಇವರಿಗೆ ರಜಾ ಡಾಕ್ಟರೇ," ಎಂದೆ. "ನಿಮ್ಮ ಕೈ ಅಳತೆ ನಾನು ತಗೋತೀನಿ."